ಒಂದು ಮುಚ್ಚಳದಷ್ಟು ತಂಪು

ಫೆಬ್ರವರಿ 11

ತಂಗೀ,

ಕಾಗದದ ಮೊದಲ ಸಾಲಿನಲ್ಲಿ ಅವರ ಕ್ಷೇಮ ಕೇಳಬೇಕು, ಎರಡನೆಯದರಲ್ಲಿ ನಮ್ಮ ಕ್ಷೇಮ ಹೇಳಬೇಕು, ಜಗಳವೇನಿದ್ದರೂ ಮೂರನೆಯ ಸಾಲಿನಿಂದ ಎಂದು ನಮ್ಮೂರ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ನೀನೂ ಅದೇ ಬೆತ್ತದ ರುಚಿ ಕಂಡವಳು. ಆದರೂ ನಿನ್ನ ಕಾಗದ ಶುರುವಾಗುವುದೇ "ಇಷ್ಟು ವರ್ಷ ಐಸ್ ಫ್ಯಾಕ್ಟರಿಯಲ್ಲಿ ಅದೇನು ಕಡಿದು ಗುಡ್ಡೆ ಹಾಕಿದ್ದೀಯ" ಎಂಬಲ್ಲಿಂದ. ಕಡಿದದ್ದು ಐಸು, ತಾಯಿ. ಗುಡ್ಡೆ ಹಾಕಿದರೆ ಸಂಜೆಯೊಳಗೆ ಕರಗಿ ಮೋರಿ ಸೇರುತ್ತದೆ. ತೋರಿಸುವುದು ಹೇಗೆ?

ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ಹೇಳಿದ್ದರೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಕಂಪ್ರೆಸರಿನ ಸದ್ದಿಗೆ ನನ್ನ ಎರಡು ಕಿವಿಯನ್ನೂ ಒಪ್ಪಿಸಿ ಆಗಿದೆ.

ನಿನ್ನ ಮಗಳು ಬೆಣ್ಣೆಯ ವಿಷಯಕ್ಕೆ ಬರುತ್ತೇನೆ. ಹುಟ್ಟಿದಾಗಿನಿಂದ ಬೆವರೇ ಬಾರದ ಮೈ ಅವಳದು. ಒಳಗಿನ ಕಾವು ಒಳಗೇ ಉಳಿಯುತ್ತದೆ. ಅದಕ್ಕೇ ತಾನೆ ನಾನು ಬೆಣ್ಣೆ ಎಂದು ಕರೆದದ್ದು. ನಮ್ಮ ವಂಶದಲ್ಲಿ ಬೆವರು ಸುರಿಸದೆ ಉಣ್ಣುವ ಯೋಗ ಅವಳೊಬ್ಬಳಿಗೆ ಎಂದು ನಾನು ಅಂದಾಗ ನೀನು ಸೌಟು ಎಸೆದಿದ್ದೆ, ನೆನಪಿದೆ.

ಈಗ ಅವಳ ಶಾಲೆಯ ದೊಡ್ಡ ಟೀಚರ್, "ಮಧ್ಯಾಹ್ನದ ತನಕ ಅವಳ ಹತ್ರ ತಣ್ಣಗಿರೋದು ಕುಡಿಯೋಕೆ ಇದ್ರೆ ಕಳಿಸಿ, ಇಲ್ಲಾಂದ್ರೆ ಬೇಸಿಗೆ ಮುಗಿಯೋ ತನಕ ಮನೇಲೇ ಇರಲಿ" ಅಂದರಂತೆ. ಅವರ ಕೋಣೆಯಲ್ಲೇ ಫ್ರಿಜ್ ಇದೆ, ಆದರೆ ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದರಂತೆ. ನೀನು ಬೆಳಿಗ್ಗೆ ಕಟ್ಟಿಕೊಟ್ಟ ಶರಬತ್ತು ಊಟದ ಹೊತ್ತಿಗೆ ಬಚ್ಚಲ ನೀರಿನ ಹಾಗೆ ಆಗಿರುತ್ತದೆ. ಶಾಲೆ ತಪ್ಪಿದರೆ ಮಗುವನ್ನು ಇಸ್ತ್ರಿ ಅಂಗಡಿಗೆ ಕರೆದೊಯ್ಯುವಂತಿಲ್ಲ, ನಿನ್ನ ಅಂಗಡಿಯೇ ಕಾದ ಬಾಣಲೆ. ಭಾವ ಇದ್ದಿದ್ದರೆ ಮಾತು ಬೇರೆ. ಈಗ ಅವಳನ್ನು ಒಬ್ಬಳನ್ನೇ ಕೋಣೆಯಲ್ಲಿ ಕೂಡಿಹಾಕಿ, ಹೊರಗಿನಿಂದ ಬೀಗ ಜಡಿದು ನೀನು ಕೆಲಸಕ್ಕೆ ಹೋಗಬೇಕು. ಇಷ್ಟೇ ತಾನೆ?

ಇದಕ್ಕೆ ಇಷ್ಟು ಅಳು ಯಾಕೆ? ದೋಣಿಗಟ್ಟಲೆ ಮೀನನ್ನು ಮೂರು ಊರು ದಾಟಿಸಿ, ಕಣ್ಣು ಪಿಳಿಪಿಳಿ ಬಿಡುವ ಹಾಗೆ ಇಳಿಸಿಕೊಟ್ಟವನು ನಿನ್ನ ಅಣ್ಣ. ಒಂದು ಬಾಟಲಿ ಶರಬತ್ತು ನನಗೆ ಯಾವ ಲೆಕ್ಕ?

ಮೊದಲನೆಯದಾಗಿ, ಬಾಟಲಿಯನ್ನು ಬಿಸಿ ಅನ್ನದ ಡಬ್ಬಿಯ ಜೊತೆ ಒಂದೇ ಚೀಲದಲ್ಲಿ ಇಡಬೇಡ. ಒಲೆಯ ಪಕ್ಕ ಐಸ್ ಇಟ್ಟು ಕರಗಿತು ಎಂದು ಅತ್ತರೆ ಐಸಿಗೇ ನಗು ಬರುತ್ತದೆ. ರಾತ್ರಿಯೇ ಬಾಟಲಿ ತುಂಬಿಸಿ ಕಲ್ಲಾಗುವಂತೆ ಫ್ರೀಜರಿನಲ್ಲಿಡು. ಬೆಳಿಗ್ಗೆ ಒಣ ಬಟ್ಟೆ ಸುತ್ತಿ, ಅದರ ಮೇಲೆ ದಿನಪತ್ರಿಕೆ ಸುತ್ತು. ಉಳಿದದ್ದು ನನ್ನ ಹೆಸರಿನ ಮಹಿಮೆ.

ನಿನ್ನ ಅಣ್ಣ,
ಐಸ್ ಸಾಹುಕಾರ
(ಫ್ಯಾಕ್ಟರಿ ಗೇಟಿನ ಮುದುಕಿಯರು ಕೊಟ್ಟ ಬಿರುದು, ನಾನು ಕೇಳಿ ಪಡೆದದ್ದಲ್ಲ)


ಫೆಬ್ರವರಿ 20

ಅಣ್ಣ,

ಬಾಟಲಿ ಒಡೆದಿದೆ. ರಾತ್ರಿಯೇ ಬಿರುಕು ಬಿಟ್ಟಿದ್ದು ಬೆಳಗಿನ ಗಡಿಬಿಡಿಯಲ್ಲಿ ನನಗೆ ಕಾಣಿಸಲಿಲ್ಲ. ಅವಳ ಚೀಲದೊಳಗೆ ಕರಗಿ ಪುಸ್ತಕಗಳೆಲ್ಲ ಶರಬತ್ತಿನಲ್ಲಿ ನೆನೆದವು. ಕಂಠಮಟ್ಟ ತುಂಬಿಸಬಾರದು ಎಂದು ನೀನು ಬರೆಯಲಿಲ್ಲ. ಮೀನು, ದೋಣಿ ಎಲ್ಲ ಬರೆದೆ, ಅದೊಂದನ್ನು ಬಿಟ್ಟು.

ಮಧ್ಯಾಹ್ನ ಶಾಲೆಯಿಂದ ಅಂಗಡಿಗೆ ಹೇಳಿಕಳಿಸಿದರು. ಓಡಿದೆ. ನಲ್ಲಿಯ ಕೆಳಗೆ ತಲೆ ಕೊಟ್ಟು ಕೂತಿದ್ದಳು. ಮುಖ ಕೆಂಡ. ನನ್ನನ್ನು ನೋಡಿ, "ಅಮ್ಮಾ, ಹುಷಾರಾಗೇ ಇದ್ದೀನಿ, ಮನೆಗೆ ಬೇಡ" ಅಂದಳು. ಎತ್ತಿಕೊಳ್ಳಲು ಹೋದರೆ ನಲ್ಲಿಯ ಕಂಬ ಬಿಡಲಿಲ್ಲ.

ದೊಡ್ಡ ಟೀಚರ್ ಇನ್ನೊಂದು ಸಲ ನೋಡುತ್ತೇನೆ ಎಂದಿದ್ದಾರೆ. ಒಂದೇ ಸಲ.

ನಿನಗೆ ನಿಜವಾಗಿಯೂ ಗೊತ್ತಿದ್ದರೆ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು. ನಿನ್ನ ಬಾಯಲ್ಲಿ ಆ ಮಾತನ್ನು ನಾನು ಇದುವರೆಗೆ ಕೇಳಿಲ್ಲ.

ನಿನ್ನ ತಂಗಿ


ಫೆಬ್ರವರಿ 27

ತಂಗೀ,

ಕ್ಷೇಮ ಕೇಳಿದೆ, ಹೇಳಿದೆ. ಮೇಷ್ಟ್ರ ಆತ್ಮಕ್ಕೆ ಶಾಂತಿ.

ನೀರು ಗಟ್ಟಿಯಾದರೆ ಉಬ್ಬುತ್ತದೆ ಎಂದು ಐಸ್ ಫ್ಯಾಕ್ಟರಿಯವನು ಬೇರೆ ಬರೆಯಬೇಕೇ ಎಂದು ಬಿಟ್ಟಿದ್ದೆ. ಇರಲಿ, ಅರ್ಧ ತಪ್ಪು ನನ್ನದು. ಇನ್ನರ್ಧ ಬಾಟಲಿಯದು. ನಿನ್ನ ಪಾಲಿಗೆ ಏನೂ ಉಳಿಯಲಿಲ್ಲ, ಸಂತೋಷಪಡು.

ಇದರ ಜೊತೆ ಲಾರಿಯವನ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಅಂಗಡಿಯಲ್ಲಿ ಸಿಗುವ ಗೊಂಬೆ ಚಿತ್ರದ ಪೆಟ್ಟಿಗೆಯಲ್ಲ. ನಮ್ಮ ಕೋಲ್ಡ್ ರೂಮಿನ ಗೋಡೆಗೆ ಹೊಡೆದು ಮಿಕ್ಕಿದ ಥರ್ಮಾಕೋಲ್ ಹಲಗೆಯನ್ನು ನಾನೇ ಕೊಯ್ದು, ಒಳಗೆ ತಗಡು ಹಾಸಿ, ಹೊರಗೆ ಕಂಬಳಿ ಹೊಲಿದದ್ದು. ಹೊಲಿಗೆ ಸೊಟ್ಟಗಿದೆ ಎನ್ನಬೇಡ, ಐಸಿಗೆ ಕಣ್ಣಿಲ್ಲ. ಒಳಗೆ ಸ್ಟೀಲ್ ಬಾಟಲಿ ಇದೆ. ಅದು ಅಲ್ಲಾಡದ ಹಾಗೆ ಕೂರುತ್ತದೆ. ಐಸಿಗೆ ಶತ್ರು ಬಿಸಿಲು ಎಂದು ಊರೆಲ್ಲ ತಿಳಿದಿದೆ. ಅಲ್ಲ. ನಿಜವಾದ ಶತ್ರು ಸಂದಿಯಲ್ಲಿ ಓಡಾಡುವ ಗಾಳಿ.

ಈಗ ನಗದೆ ಹೇಳುತ್ತೇನೆ, ಇದನ್ನು ತಪ್ಪದೆ ಮಾಡು. ಬಾಟಲಿಯನ್ನು ಅರ್ಧಕ್ಕಿಂತ ಚೂರು ಹೆಚ್ಚು ಮಾತ್ರ ತುಂಬಿಸಿ, ಓರೆಯಾಗಿಟ್ಟು ಹೆಪ್ಪುಗಟ್ಟಿಸು. ಪೆಟ್ಟಿಗೆಯ ಬಾಯಿ ತೆಗೆದು ಅದನ್ನೂ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡು. ಬಿಸಿ ಪೆಟ್ಟಿಗೆಗೆ ಐಸ್ ಹಾಕಿದರೆ ಐಸು ಮೊದಲು ಪೆಟ್ಟಿಗೆಯ ಚಾಕರಿ ಮಾಡುತ್ತದೆ, ಆಮೇಲೆ ನಿನ್ನದು. ಬೆಳಿಗ್ಗೆ ಹೊರಡುವಾಗ ತಣ್ಣನೆಯ ಶರಬತ್ತನ್ನು ಮೇಲಿನವರೆಗೆ ಸುರಿ. ಒಳಗಿನ ಗಡ್ಡೆ ನಿಧಾನವಾಗಿ ಕರಗುತ್ತ ಮಧ್ಯಾಹ್ನ ದಾಟಿಸುತ್ತದೆ. ಬಾಟಲಿಯ ಮುಚ್ಚಳವೇ ಲೋಟ. ಗಂಟೆ ಹೊಡೆದಾಗಲೆಲ್ಲ ಒಂದೊಂದು ಮುಚ್ಚಳ ಕುಡಿಯಲಿ.

ಜೊತೆಗಿರುವ ಮಡಿಸಿದ ಚೀಟಿ ಬೆಣ್ಣೆಗೆ. ನೀನು ಓದಬೇಡ, ಅದು ದೊಡ್ಡವರ ವ್ಯವಹಾರ.

ಐಸ್ ಸಾಹುಕಾರ


ಬೆಣ್ಣೆಗೆ,

ಮಾವನ ಪೆಟ್ಟಿಗೆ ಬಂತೇ? ಇನ್ನು ನೀನು ಸಾಮಾನ್ಯ ಮೂರನೇ ಕ್ಲಾಸಿನವಳಲ್ಲ, ಐಸ್ ಮನೆತನದ ವಾರಸುದಾರಳು. ಹಾಗಾಗಿ ನಮ್ಮ ಮನೆತನದ ಒಂದು ನೇಮ ತಿಳಿದುಕೊಳ್ಳಬೇಕು.

ನಮ್ಮಲ್ಲಿ ಉಪ್ಪುನೀರಿನ ತೊಟ್ಟಿಯಲ್ಲಿ ಅದ್ದಿಟ್ಟ ಡಬ್ಬದಿಂದ ಐಸಿನ ಹಲಗೆ ಎತ್ತಿ ಹಾಕಿದಾಗ ಮೂಲೆಯ ಚೂರುಗಳು ಉದುರುತ್ತವೆ. ಆ ಚೂರು ಮಾರುವಂತಿಲ್ಲ. ಗೇಟಿನಲ್ಲಿ ಯಾರು ಕೈ ಚಾಚಿದರೂ ಕೊಡಬೇಕು. ಮೀನಿನ ಮುದುಕಿ, ಜ್ವರದ ಮಗುವಿನ ಅಪ್ಪ, ಸುಮ್ಮನೆ ಬಂದ ಸೋಮಾರಿ, ಯಾರಾದರೂ ಸರಿ. ಇಲ್ಲ ಎಂದರೆ ಅವತ್ತಿನ ಐಸೆಲ್ಲ ಒಳಗೇ ಬಿಳಿಚಿ, ಬಿರಿದು ಪುಡಿಯಾಗುತ್ತದೆ. ಮಾವ ಈ ಕೈಯಿಂದ ಇಂದಿನವರೆಗೆ ಒಬ್ಬರಿಗೂ ಇಲ್ಲ ಎಂದಿಲ್ಲ. ಅದಕ್ಕೇ ಮಾವನ ಐಸು ಗಾಜಿನ ಹಾಗೆ ಇರುತ್ತದೆ. ಬೇರೆಯವರದು ನೋಡು, ಸುಣ್ಣದ ಗೋಡೆ.

ನಿನ್ನ ಮಾವ


ಮಾರ್ಚ್ 10

ಮಾವನಿಗೆ ನಮಸ್ಕಾರ.

ನಾನು ಕ್ಷೇಮ. ನೀನು ಕ್ಷೇಮವೇ. ಅಮ್ಮ ಹೀಗೇ ಬರೆಯಬೇಕು ಅಂದಳು.

ಪೆಟ್ಟಿಗೆ ತುಂಬ ಚೆನ್ನಾಗಿದೆ. ಊಟದ ಹೊತ್ತಿಗೆ ಅಲ್ಲಾಡಿಸಿದರೆ ಒಳಗೆ ಟಣ್ ಟಣ್ ಅನ್ನುತ್ತೆ. ಮೊದಲ ದಿನ ಯಾರೂ ನಂಬಲಿಲ್ಲ. ಎರಡು ಜಡೆಯವಳು ಕಿವಿ ಇಟ್ಟು ಕೇಳಿದಳು. ಆಮೇಲೆ ಎಲ್ಲರೂ ಕಿವಿ ಇಟ್ಟರು.

ಮುಂಚೆ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ ಮಾವ. ನನಗೆ ಕೂದಲು ಕಡಿಮೆ ಅಂತ, ಹಲ್ಲು ನಾಲ್ಕೇ ಇದೆ ಅಂತ ನನ್ನನ್ನ ಅಜ್ಜಿ ಅಂತ ಕರೀತಿದ್ದರು. ಮುಟ್ಟಿದರೆ ಸುಡುತ್ತೆ ಅಂತಿದ್ದರು. ಈಗ ಬೆಂಚಿನ ನಡುವೆ ನನ್ನ ಜಾಗ. ಎರಡು ಜಡೆಯವಳು ಒಂದು ಮುಚ್ಚಳ ಕೇಳಿದಳು. ನಮ್ಮ ಮನೆತನದಲ್ಲಿ ಇಲ್ಲ ಅನ್ನಬಾರದು ಅಂತ ಕೊಟ್ಟೆ. ಸರಿ ತಾನೆ? ಇವತ್ತು ನಾಲ್ಕು ಜನಕ್ಕೆ ಕೊಟ್ಟೆ. ಯಾರೂ ಅಜ್ಜಿ ಅನ್ನಲಿಲ್ಲ.

ಅಮ್ಮ ಪೆಟ್ಟಿಗೆ ಒಳಗೆ ನೋಡಿ ನಕ್ಕಳು. ಬಾಟಲಿ ಖಾಲಿ ಮಾಡಿದೀಯ, ಜಾಣೆ ಅಂದಳು.

ಇಂತಿ
ಬೆಣ್ಣೆ


ಮಾರ್ಚ್ 16

ಐಸ್ ಮನೆತನದ ಬೆಣ್ಣೆಗೆ,

ನಿನ್ನ ಕಾಗದವನ್ನು ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಕೂಗಿ ಓದಿದೆ. ಅವರಿಗೆ ಕೇಳಿಸಿತೋ ಇಲ್ಲವೋ, ನನಗಂತೂ ಕೇಳಿಸಲಿಲ್ಲ, ಆದರೆ ಎಲ್ಲರೂ ತಲೆ ಆಡಿಸಿದರು. ಹಮಾಲರ ಮುಖ್ಯಸ್ಥ ನನ್ನ ಕಿವಿಗೆ ಬಾಯಿಟ್ಟು, "ನಿನಗಿಂತ ನಿನ್ನ ಸೊಸೆ ವಾಸಿ ಕಣಯ್ಯ, ನೀನು ಚೂರು ಕೊಡುವಾಗ ಚಿಕ್ಕದು ಹುಡುಕ್ತೀಯ" ಎಂದ. ಹೊಟ್ಟೆಕಿಚ್ಚು.

ಸರಿಯೇ ಮಾಡಿದೆ. ಕೊಟ್ಟವರ ಬಾಟಲಿ ಬತ್ತುವುದಿಲ್ಲ. ನಮ್ಮ ಗೇಟಿನಲ್ಲಿ ದಿನಾ ಎಷ್ಟು ಕೈ, ಆದರೂ ತೊಟ್ಟಿ ಬತ್ತಿದ್ದು ನಾನು ಕಂಡಿಲ್ಲ. ಇನ್ನು ಅಜ್ಜಿ ಎಂದವರಿಗೂ ಕೊಡು. ಮೊದಲು ಕೊಡು. ತಣ್ಣಗಿನದು ಗಂಟಲಲ್ಲಿ ಇಳಿಯುವಾಗ ಯಾರ ಬಾಯಲ್ಲೂ ಕೆಟ್ಟ ಮಾತು ಬರುವುದಿಲ್ಲ, ಇದು ನಾನು ಕಂಡ ಸತ್ಯ.

ಆದರೆ ಅಮ್ಮನಿಗೆ ಹೇಳಬೇಡ. ಅವಳು ಇಸ್ತ್ರಿಯವಳು, ಎಲ್ಲದರ ಮಡಿಕೆ ನೋಡುತ್ತಾಳೆ. ಇದು ನಿನ್ನ ನನ್ನ ನಡುವಿನ ಗುಟ್ಟು.

ನಿನ್ನ ಮಾವ,
ಈಗ ದೊಡ್ಡ ಸಾಹುಕಾರ (ಚಿಕ್ಕ ಸಾಹುಕಾರಳು ನೀನು)


ಏಪ್ರಿಲ್ 3

ತಂಗೀ,

ಕ್ಷೇಮವೇ? ಬೆಣ್ಣೆಯ ಉತ್ತರ ಬರಲಿಲ್ಲ. ಬೆಂಚಿನ ನಡುವೆ ಕೂತ ಮೇಲೆ ಮಾವ ಯಾರಿಗೆ ಬೇಕು, ಅಲ್ಲವೇ?

ಇಲ್ಲಿ ಬಿಸಿಲು ತಲೆ ಒಡೆಯುತ್ತಿದೆ. ಗೇಟಿನಲ್ಲಿ ಸಾಲು ರಸ್ತೆಯ ತನಕ. ದೊಡ್ಡ ಬಾಟಲಿ ಬೇಕಾದರೆ ಬರೆ, ಪೆಟ್ಟಿಗೆಯನ್ನು ಇನ್ನೊಂದು ಅಳತೆಗೆ ಕೊಯ್ಯುತ್ತೇನೆ. ನನ್ನ ಕೈಗೆ ಈಗ ಅದು ನೀರು ಕುಡಿದಷ್ಟು ಸುಲಭ.

ಅಣ್ಣ


ಏಪ್ರಿಲ್ 9

ತಂಗೀ,

ಮೊನ್ನೆ ಆಫೀಸಿಗೆ ಫೋನ್ ಬಂದಿತ್ತು. ನಾನೇ ತೆಗೆದುಕೊಂಡೆ. ಯಾರೋ ಹೆಂಗಸು ಮಾತಾಡುತ್ತಿದ್ದಳು. ನೀನೋ, ಬೇರೆ ಯಾರೋ ತಿಳಿಯಲಿಲ್ಲ. ಜೋರಾಗಿ ಹೇಳಿ ಎಂದೆ. ಅವಳು ಜೋರಾಗಿ ಹೇಳಿದಳೋ ಅತ್ತಳೋ ಅದೂ ತಿಳಿಯಲಿಲ್ಲ. ಗುಮಾಸ್ತನಿಗೆ ಕೊಡುವಷ್ಟರಲ್ಲಿ ಇಟ್ಟುಬಿಟ್ಟಳು.

ಒಂದು ಸಾಲು ಬರೆ. ಬೈದಾದರೂ ಬರೆ.

ಅಣ್ಣ


ಏಪ್ರಿಲ್ 19

ಅಣ್ಣ,

ಫೋನ್ ಮಾಡಿದ್ದು ನಾನೇ. ಆಸ್ಪತ್ರೆಯ ಬಾಗಿಲಿನಿಂದ.

ಮಾರ್ಚ್ ಕೊನೆಯಲ್ಲಿ ಶಾಲೆಯಲ್ಲಿ ಆಟದ ದಿನ ಇಟ್ಟಿದ್ದರು. ಅವಳು ಆಡುವಂತಿಲ್ಲ, ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತಿರಲಿ ಎಂದು ಟೀಚರಿಗೆ ಹೇಳಿ ಬಂದಿದ್ದೆ. ಕೂತಿದ್ದಳು. ಓಡಿ ಬಂದ ಮಕ್ಕಳೆಲ್ಲ ಅವಳ ಮುಂದೆ ಸಾಲು ನಿಂತರಂತೆ. ಒಬ್ಬೊಬ್ಬರಿಗೂ ಒಂದು ಮುಚ್ಚಳ. ತನ್ನ ತರಗತಿಯವರು ಆದ ಮೇಲೆ ಬೇರೆ ತರಗತಿಯವರು ಬಂದರು. ಟೀಚರ್ ದೂರದಿಂದ ನೋಡಿ, ಪೆಟ್ಟಿಗೆ ಪಕ್ಕದಲ್ಲೇ ಇದೆ, ಮಗು ನಗುತ್ತಿದೆ ಎಂದುಕೊಂಡರು.

ಕೊನೆಯ ಮುಚ್ಚಳ ತನಗೆ ಎಂದು ಸುರಿದುಕೊಂಡಿದ್ದಳಂತೆ. ಎರಡು ಜಡೆಯ ಹುಡುಗಿ ನನಗೆ ಹೇಳಿದ್ದು ಇದು. ಅಷ್ಟರಲ್ಲಿ ಇನ್ನೊಂದು ಮಗು ಬಂದು ಕೈ ಚಾಚಿತು. ಈ ಹುಡುಗಿ, "ಅದು ನಿನ್ನದು, ನೀನು ಕುಡಿ" ಎಂದಳಂತೆ. ಅದಕ್ಕೆ ಅವಳು, "ನಾನು ಇಲ್ಲ ಅಂದ್ರೆ ಮಾವನ ಐಸ್ ಒಡೆದುಹೋಗುತ್ತೆ" ಎಂದು ಕೊಟ್ಟುಬಿಟ್ಟಳು.

ನಾನು ಹೋದಾಗ ಅವಳಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಎತ್ತಿಕೊಂಡರೆ ಈಗಷ್ಟೇ ಇಳಿಸಿಟ್ಟ ಇಸ್ತ್ರಿಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡ ಹಾಗಿತ್ತು. ಅವಳ ಪಕ್ಕ ಬಾಟಲಿ ಬಿದ್ದಿತ್ತು, ಒಳಗೆ ಹನಿ ಇರಲಿಲ್ಲ. ಪೆಟ್ಟಿಗೆಯೊಳಗೆ ಕೈ ಹಾಕಿದೆ. ಆಗಲೂ ತಣ್ಣಗಿತ್ತು. ನಿನ್ನ ಪೆಟ್ಟಿಗೆ ತನ್ನ ಕೆಲಸ ಸರಿಯಾಗಿಯೇ ಮಾಡಿತು ಅಣ್ಣ.

ಆಸ್ಪತ್ರೆಯಲ್ಲಿ ಮೈ ತುಂಬ ಐಸ್ ಇಟ್ಟರು. ಯಾವ ಫ್ಯಾಕ್ಟರಿಯದೋ.

ಜೀವ ಉಳಿದಿದೆ. ಮನೆಗೆ ಕರೆತಂದಿದ್ದೇನೆ. ಅಮ್ಮ ಎನ್ನುತ್ತಾಳೆ, ನೀರು ಎನ್ನುತ್ತಾಳೆ, ಬೇರೆ ಮಾತು ಬರುವುದಿಲ್ಲ. ಪೆನ್ಸಿಲ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿದು ನೋಡುತ್ತಾಳೆ. ತಲೆಯೊಳಗೆ ಕಾವು ಏರಿ ಹೋದದ್ದು ಮರಳುವುದಿಲ್ಲ, ಕಾಯುವುದು ಬೇಡ ಎಂದು ಡಾಕ್ಟರ್ ಹೇಳಿದರು. ನೀರು ಕೊಟ್ಟರೆ ಲೋಟವನ್ನು ಮೊದಲು ನನ್ನ ಕಡೆಗೆ ಚಾಚುತ್ತಾಳೆ. ನಾನು ಒಂದು ಗುಟುಕು ಕುಡಿದ ಮೇಲೇ ಅವಳು ಕುಡಿಯುವುದು.

ಬೆಳಿಗ್ಗೆ ಒದ್ದೆ ಬಟ್ಟೆ ಹೊದಿಸಿ, ಫ್ಯಾನ್ ಹಾಕಿ, ಬೀಗ ಹಾಕಿ ಅಂಗಡಿಗೆ ಹೋಗುತ್ತೇನೆ. ನಡುವೆ ಎರಡು ಸಲ ಓಡಿ ಬಂದು ಬಟ್ಟೆ ಒದ್ದೆ ಮಾಡಿ ಹೋಗುತ್ತೇನೆ. ಯಾವುದು ಆಗಬಾರದು ಎಂದು ಫೆಬ್ರವರಿಯಲ್ಲಿ ನಿನಗೆ ಬರೆದಿದ್ದೆನೋ ಅದೇ.

ಅವಳಿಗೆ ನೀನು ಏನು ಹೇಳಿದ್ದೆ? ಚೀಟಿ ಓದಬೇಡ ಎಂದಿದ್ದೆ, ನಾನು ಓದಿರಲಿಲ್ಲ.

ಪೆಟ್ಟಿಗೆ ಲಾರಿಯವನ ಕೈಯಲ್ಲಿ ವಾಪಸು ಕಳಿಸಿದ್ದೇನೆ. ಈಗಲೇ ಬರಬೇಡ. ಅವಳ ಎದುರು ನೀನು ತಮಾಷೆಯ ಮಾತಾಡುವುದನ್ನು ನಾನು ನೋಡಲಾರೆ. ಸುಮ್ಮನೆ ಕೂರುವುದನ್ನೂ ನೋಡಲಾರೆ.

ತಂಗಿ


ಮೇ 4

ತಂಗೀ,

ಮೇಷ್ಟ್ರು ಕಲಿಸಿದ ಮೊದಲ ಸಾಲು ಬರೆಯಲು ಹೋದೆ. ಕೈ ಬರಲಿಲ್ಲ. ಎರಡನೆಯ ಸಾಲೂ ಬರಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಕೈ ಚಾಚಿದವರಿಗೆ ಇಲ್ಲ ಅನ್ನಬಾರದು, ಅಂದರೆ ಐಸು ಬಿರಿಯುತ್ತದೆ ಎಂದು ಹೇಳಿದ್ದೆ. ನಾಲ್ಕು ಜನರಿಗೆ ಕೊಟ್ಟೆ ಎಂದು ಅವಳು ಬರೆದಾಗ, ಇನ್ನೂ ಕೊಡು ಎಂದೆ. ಅಮ್ಮನಿಗೆ ಹೇಳಬೇಡ ಎಂದೂ ಅಂದೆ. ನೀನು ಖಾಲಿ ಬಾಟಲಿ ನೋಡಿ ನಕ್ಕದ್ದು ನನಗೆ ಗೊತ್ತಿತ್ತು. ಅವಳೇ ಬರೆದಿದ್ದಳು. ಅದನ್ನು ಓದಿ ನಾನೂ ನಕ್ಕೆ. ಬಾಟಲಿ ಯಾಕೆ ಖಾಲಿ ಎಂಬುದು ನಮ್ಮಿಬ್ಬರಿಗೇ ಗೊತ್ತಿತ್ತು, ನಿನಗಲ್ಲ.

ಐಸು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಹೇಳಬಲ್ಲವನು, ಒಂದು ಬಾಟಲಿಯಲ್ಲಿ ಎಷ್ಟು ಮುಚ್ಚಳ ಇರುತ್ತದೆ ಎಂದು ನೋಡಲಿಲ್ಲ. ನಮ್ಮ ತೊಟ್ಟಿಗೆ ನೀರು ಬರುವ ಕೊಳವೆ ಇದೆ. ಅವಳ ಬಾಟಲಿಗೆ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಮೀನಿನ ಮುದುಕಿ ಗೇಟಿಗೆ ಬಂದು ಕೈ ಚಾಚಿದಳು. ಎದುರಿಗೇ ಚೂರು ಬಿದ್ದಿತ್ತು. ನಾನು "ಇಲ್ಲ" ಎಂದೆ. ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಅಂದೆ. ಅವಳು, "ಏನಪ್ಪಾ ಸಾಹುಕಾರ, ಇವತ್ತು ಬಡವನಾದೆಯಾ" ಎಂದಳು. ಅವಳ ತುಟಿ ನೋಡಿ ತಿಳಿಯಿತು. ಹೌದು ಎಂದೆ. ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು. ಅವಳ ಹಿಂದೆ ಬಂದ ಎಲ್ಲರಿಗೂ ಇಲ್ಲ ಎಂದೆ. ಚೂರುಗಳನ್ನು ನಾನೇ ಗುಡಿಸಿ ಮೋರಿಗೆ ತಳ್ಳಿದೆ.

ಆಮೇಲೆ ಇಡೀ ದಿನ ತೊಟ್ಟಿಯ ಪಕ್ಕ ಕೂತೆ. ಐಸು ಬಿರಿಯಲಿ ಎಂದು ಕಾದೆ. ಒಂದಾದರೂ ಬಿರಿದಿದ್ದರೆ ನಿನಗೆ ಬರೆಯುತ್ತಿದ್ದೆ, ನೋಡು, ಮಗು ನನ್ನ ಸುಳ್ಳು ನಂಬಿ ಕೊಟ್ಟದ್ದಲ್ಲ, ಅಂಥದೊಂದು ನೇಮ ನಿಜವಾಗಿಯೂ ಇತ್ತು ಎಂದು.

ಸಂಜೆ ಐಸಿನ ಹಲಗೆ ಎತ್ತಿದರು. ನಾನು ಆಚೆ ಕಡೆಯಿಂದ ಅಂಗೈ ಒತ್ತಿ ಹಿಡಿದು ಈಚೆಯಿಂದ ಬಗ್ಗಿ ನೋಡಿದೆ. ಒಂದು ಗೆರೆ ಇಲ್ಲ, ಒಂದು ಬಿಳಿ ಚುಕ್ಕೆ ಇಲ್ಲ. ಇಷ್ಟು ವರ್ಷದಲ್ಲಿ ಅಷ್ಟು ತಿಳಿಯಾದ ಐಸು ನಾನು ಎತ್ತಿದ್ದಿಲ್ಲ. ನನ್ನ ಕೈಯ ಗೆರೆಗಳೆಲ್ಲ ಕಾಣುತ್ತಿದ್ದವು.

ಅಣ್ಣ